ಕಳಚಿದ ಬಂಡಿಯ ಋಣ

ಮನುಷ್ಯನು ಒಂದು ವಸ್ತುವನ್ನು ಕಟ್ಟುವಾಗ ತೋರುವ ಶ್ರದ್ಧೆಯನ್ನು ಅದನ್ನು ಬಿಚ್ಚುವಾಗ ತೋರುವದು ವಿರಳ. ಕಟ್ಟಿದವನಿಗೆ ಕೀರ್ತಿಯುಂಟು, ಕಳಚಿದವನಿಗೆ ಕೂಲಿಯೂ ಪೂರ್ತಿಯಾಗಿ ದೊರೆಯದು. ಆದರೆ ಕನ್ನಡ ಭಾಷೆಯು ಈ ವಿಷಯದಲ್ಲಿ ಅದನ್ನಾಡುವವರಿಗಿಂತ ಸೂಕ್ಷ್ಮವಾಗಿದೆ. ಗಡಿಗೆಯನ್ನು ಒಡೆಯುತ್ತಾರೆ, ಕಟ್ಟಿಗೆಯನ್ನು ಮುರಿಯುತ್ತಾರೆ, ಕಳೆಯನ್ನು ಕೀಳುತ್ತಾರೆ, ಗಂಟನ್ನು ಬಿಚ್ಚುತ್ತಾರೆ, ಆಭರಣವನ್ನು ಕಳಚುತ್ತಾರೆ. ಒಡೆದದ್ದು ಮರಳಿ ಕೂಡದು. ಕಳಚಿದ್ದಾದರೋ ಮತ್ತೊಂದೆಡೆಯಲ್ಲಿ ಇಡುವ ಸಲುವಾಗಿಯೇ ಕಳಚಿದ್ದು. ಒಂದು ಹಳೆಯ ಮೋಟಾರು ಗಾಡಿಯನ್ನು ಅದರ ಡೀಸೆಲ್ ಎಂಜಿನ್ನಿಗಾಗಿ ಮನೆಯ ಅಂಗಳದಲ್ಲಿ ಬಿಚ್ಚಿ, ಆ ಎಂಜಿನ್ನನ್ನು ಬೇರೊಂದು ಗಾಡಿಯಲ್ಲಿ ಕೂಡ್ರಿಸುವ ಕೆಲಸವನ್ನು ಈ ಐದು ಕ್ರಿಯಾಪದಗಳಲ್ಲಿ ಯಾವದರಿಂದ ಕರೆಯತಕ್ಕದ್ದೆಂಬದು ಮೇಲುನೋಟಕ್ಕೆ ವ್ಯಾಕರಣದ ಪ್ರಶ್ನೆ. ವಿಚಾರಿಸಿದರೆ ಧರ್ಮದ ಪ್ರಶ್ನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಯ ಎರೆಯ ಹೊಲಗಳನ್ನು ತುಳಿದವರಿಗೆ, ಮಳೆ ಬಿದ್ದ ಮರುದಿನ ಆ ಮಣ್ಣು ಗಾಲಿಯನ್ನು ಹಿಡಿದುಕೊಳ್ಳುವ ಪರಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಇಂಥ ನೆಲಕ್ಕೆ ನಾಲ್ಕೂ ಗಾಲಿಗಳಿಗೆ ಬಲವೀಯುವ ಜೀಪು ಒಪ್ಪುವ ವಾಹನ. ಎರಡನೆಯ ಮಹಾಯುದ್ಧದ ಸಲುವಾಗಿ ಅಮೇರಿಕೆಯಲ್ಲಿ ಹುಟ್ಟಿದ ವಿಲ್ಲೀಸ್ ಜೀಪು, ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮಹೀಂದ್ರ ಕಂಪನಿಯ ಮೂಲಕ ಮುಂಬಯಿಯಲ್ಲಿ ಜೋಡಣೆಯಾಗತೊಡಗಿತು. ಅದರ ಎಂಜಿನ್ನು ಪೆಟ್ರೋಲಿನದು. ಸರಕಾರವು ಪೆಟ್ರೋಲಿನ ದರವನ್ನು ೨೦೧೦ನೆಯ ಜೂನದಲ್ಲಿಯೂ ಡೀಸೆಲ್ಲಿನ ದರವನ್ನು ೨೦೧೪ನೆಯ ಅಕ್ಟೋಬರದಲ್ಲಿಯೂ ತನ್ನ ಹಿಡಿತದಿಂದ ಬಿಟ್ಟಿತು. ಅದಕ್ಕೆ ಮುಂಚೆ ದಶಕಗಟ್ಟಲೆ ಡೀಸೆಲ್ಲು ಪೆಟ್ರೋಲಿಗಿಂತ ಬಹಳ ಅಗ್ಗವಾಗಿತ್ತು. ಈ ಅಂತರವೇ ಹಳೆಯ ಪೆಟ್ರೋಲ್ ಜೀಪುಗಳಿಗೂ ಅಂಬಾಸಿಡರ್ ಕಾರುಗಳಿಗೂ ಬೇರೆ ಗಾಡಿಗಳ ಡೀಸೆಲ್ ಎಂಜಿನ್ನನ್ನು ಕೂಡ್ರಿಸುವ ರೂಢಿಯನ್ನು ದೇಶದ ಅನೇಕ ಕಡೆಗಳಲ್ಲಿ ಬೆಳೆಸಿತು. ಅಗ್ಗದ ಆಶೆಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಡೀಸೆಲ್ ಎಂಜಿನ್ನು ನಿಧಾನವಾಗಿ ತಿರುಗಿ ಹೆಚ್ಚು ಎಳೆಯುತ್ತದೆ. ಕಿಡಿಯ ಹಂಗಿಲ್ಲದೆ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಿಂದಲೇ ಎಣ್ಣೆಯನ್ನು ಉರಿಸುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ಲನು ೧೮೯೭ರಲ್ಲಿ ಔಗ್ಸ್‌ಬುರ್ಗಿನಲ್ಲಿ ಈ ತತ್ತ್ವವನ್ನು ಸಿದ್ಧಗೊಳಿಸಿ ತೋರಿಸಿದನು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಜಾತಿಯ ಒಂದು ಸಣ್ಣ ಎಂಜಿನ್ನು ಶೇಂಗಾ ಎಣ್ಣೆಯಿಂದ ನಡೆಯಿತೆಂಬದನ್ನು ಕೇಳಿದರೆ ಶೇಂಗಾ ಬೆಳೆಯುವ ರೈತನು ನಗದೆ ಇರಲಾರನು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳುವದು ವಿಚಾರಕ್ಕೆ ಅನುಕೂಲವಾದೀತು. ಇಂಡಿಯ ಕಡೆಯ ಒಬ್ಬ ರೈತನು, ನಿಂಬೆಯ ತೋಟ, ತೀರಿಹೋದ ತಂದೆಯು ಬಿಟ್ಟುಹೋದ ಪೆಟ್ರೋಲ್ ಜೀಪು. ಜೀಪಿನ ಎಂಜಿನ್ನು ಸವೆದಿದೆ, ಮಾರಲು ಮನಸ್ಸಿಲ್ಲ. ಸಿಂದಗಿಯ ಕಡೆಯಿಂದ ಅಪಘಾತದಲ್ಲಿ ನುಗ್ಗಾದ ಒಂದು ಡೀಸೆಲ್ ಗಾಡಿಯನ್ನು ದಲಾಲನ ಮುಖಾಂತರ ಕೊಂಡು, ಹಿತ್ತಲ ಬೇವಿನ ಮರದ ಕೆಳಗೆ ತಂದು ನಿಲ್ಲಿಸುತ್ತಾನೆ. ಅವನ ತಾಯಿ ಅದರ ಒಡೆದ ಗಾಜನ್ನು ನೋಡಿ, “ಆ ಗಾಡ್ಯಾಗ ಹೋದವ್ರು ಯಾರಂತ ಕೇಳಿದೇನು, ತಮ್ಮಾ?” ಎನ್ನುತ್ತಾಳೆ. “ಕಬ್ಬಿಣಕ್ಕೇನ ಗೊತ್ತಿರತೈತಿ ಬೇ, ಯವ್ವಾ” ಎಂದು ಅವನು ಪಾನಾ ಕೈಗೆತ್ತಿಕೊಳ್ಳುತ್ತಾನೆ. ತಾಯಿಯದು ಕುರುಡು ನಂಬಿಕೆಯೆಂದೂ ಮಗನದು ವಿಜ್ಞಾನಬುದ್ಧಿಯೆಂದೂ ತೀರ್ಪು ಕೊಡುವದು ಸುಲಭ. ಆದರೆ ತಾಯಿಯು ಕಬ್ಬಿಣಕ್ಕೆ ಏನು ಗೊತ್ತೆಂದು ಕೇಳಿರಲಿಲ್ಲ. ಮಗನಿಗೆ ಏನು ಗೊತ್ತೆಂದು ಕೇಳಿದ್ದಳು.

ಬಿಚ್ಚುವ ಕೆಲಸವು ಬಲ್ಲವನ ಕೈಯಲ್ಲಿ ಒಂದು ವಿದ್ಯೆಯೇ ಸರಿ. ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಇಲ್ಲವಾದರೆ ಒಂದು ಪಾನಾ ಜಾರಿದರೂ ಬೆಂಕಿ. ಆಮೇಲೆ ರೇಡಿಯೇಟರಿನ ನೀರು, ಎಂಜಿನ್ನಿನ ಎಣ್ಣೆ, ಟಾಕಿಯ ಡೀಸೆಲ್ಲು ಇವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಳಿಸಿಕೊಳ್ಳಬೇಕು. ಇಲ್ಲಿಯೇ ಮೊದಲನೆಯ ಪರೀಕ್ಷೆ. ಕಪ್ಪಾದ ಎಣ್ಣೆಯನ್ನು ಹಿತ್ತಲ ಮಣ್ಣಿಗೆ ಚೆಲ್ಲುವದು ಕೈಗೆ ಹಗುರ, ಬಾವಿಗೆ ಭಾರ. ಅದರ ಫಲವನ್ನು ಉಣ್ಣುವವರು ನೆರೆಮನೆಯವರು. ಅನಂತರ ತಂತಿಗಳು: ಪ್ರತಿಯೊಂದಕ್ಕೂ ಚೀಟಿ ಕಟ್ಟದೆ ಕತ್ತರಿಸಿದವನು ಎರಡು ತಿಂಗಳು ಕತ್ತಲೆಯಲ್ಲಿ ಕೈಯಾಡಿಸುವನು. ಬೋಲ್ಟುಗಳನ್ನು ಕಳಚಿದ ಜಾಗಕ್ಕೇ ತಿರುಗಿ ಸಡಿಲಾಗಿ ಸಿಕ್ಕಿಸಿಡುವದು ಹಳೆಯ ಮಿಸ್ತ್ರಿಗಳ ಪದ್ಧತಿ. ಇದರಿಂದ ಯಾವದು ಯಾವದರದೆಂಬ ನೆನಪನ್ನು ಕಬ್ಬಿಣವೇ ಇಟ್ಟುಕೊಳ್ಳುತ್ತದೆ. ಎಂಜಿನ್ನೊಂದನ್ನೇ ಎತ್ತಿಕೊಂಡು ಉಳಿದದ್ದನ್ನು ಗುಜರಿಗೆ ತೂಗಿ ಹಾಕುವವನು ಅರ್ಧ ಕೆಲಸವನ್ನೇ ಬಲ್ಲವನು. ಏಕೆಂದರೆ ಎಂಜಿನ್ನೆಂಬದು ಒಂಟಿ ಬಾಳುವೆಯ ಪ್ರಾಣಿಯಲ್ಲ. ಅದರೊಡನೆ ಗೇರ್ ಬಾಕ್ಸು, ಕ್ಲಚ್ಚು, ಎಂಜಿನ್ ಕೂಡುವ ರಬ್ಬರಿನ ಪೀಠಗಳು, ಡೀಸೆಲ್ಲಿನ ಶೋಧಕ, ಹೆಚ್ಚಾದ ಎಣ್ಣೆ ಟಾಕಿಗೆ ಹಿಂದಿರುಗುವ ಕೊಳವೆ, ಉರಿಯನ್ನು ನಿಲ್ಲಿಸುವ ಹಗ್ಗ ಇಷ್ಟೂ ಬರಬೇಕು. ಕೀಲಿಕೈ ತಿರುವಿದ ಮಾತ್ರಕ್ಕೆ ಹಳೆಯ ಡೀಸೆಲ್ ಎಂಜಿನ್ನು ನಿಲ್ಲುವದಿಲ್ಲ. ಅದರ ಎಣ್ಣೆಯನ್ನೇ ತಡೆಯಬೇಕು. ಪೆಟ್ರೋಲಿಗೆ ಒಗ್ಗಿದ ಮನುಷ್ಯನಿಗೆ ಇದು ಮೊದಲ ದಿನದ ಗಾಬರಿ.

ಇವೆಲ್ಲವುಗಳಿಗಿಂತ ಮಹತ್ತ್ವದ್ದೊಂದು ಸಣ್ಣ ಅಂಗವಿದೆ. ಬ್ರೇಕಿಗೆ ನಿರ್ವಾತದ ನೆರವಿರುವ ಪೆಟ್ರೋಲ್ ಗಾಡಿಯಲ್ಲಿ ಆ ನಿರ್ವಾತವು ಎಂಜಿನ್ನಿನ ಉಸಿರೆಳೆತದಿಂದಲೇ ಪುಕ್ಕಟೆಯಾಗಿ ದೊರೆಯುತ್ತದೆ. ಡೀಸೆಲ್ ಎಂಜಿನ್ನಾದರೋ ಸಾಮಾನ್ಯವಾಗಿ ತಡೆಯಿಲ್ಲದೆ ಉಸಿರೆಳೆಯುವದರಿಂದ ಅಂಥ ನಿರ್ವಾತವನ್ನು ಕೊಡದು. ಅದಕ್ಕೆಂದೇ ಒಂದು ಪುಟ್ಟ ಪಂಪನ್ನು ಜೋಡಿಸಿರುತ್ತಾರೆ. ಕಣ್ಣಿಗೆ ಬೀಳದ ಈ ಪಂಪನ್ನು ತಾರದೆ ಎಂಜಿನ್ನನ್ನು ಮಾತ್ರ ತಂದವನ ಗಾಡಿಯು ಮೊದಲಿಗಿಂತ ಬಲವಾಗಿ ಓಡುವದು, ಮೊದಲಿಗಿಂತ ನಿರ್ಬಲವಾಗಿ ನಿಲ್ಲುವದು. ಮೇಲಾಗಿ ಡೀಸೆಲ್ ಎಂಜಿನ್ನು ಹೆಚ್ಚು ತೂಕದ್ದು. ಮುಂದಿನ ಪಾಟಾಗಳು ಕುಗ್ಗುತ್ತವೆ, ಚುಕ್ಕಾಣಿ ಭಾರವಾಗುತ್ತದೆ, ಇಂಥ ಭಾರಕ್ಕಾಗಿ ಹುಟ್ಟದ ಚಾಸಿಯು ಎಲ್ಲಿಯೋ ಕೂದಲೆಳೆಯಷ್ಟು ಬಿರಿಯಬಹುದು. ಜಾತ್ರೆಯ ದಿನ ಹಿಂದೆ ಕುಳಿತ ಬೀಗರಿಗೂ ಮಕ್ಕಳಿಗೂ ಇದರ ಗಂಧವಿರುವದಿಲ್ಲ. ತನ್ನ ಜೀವದ ಮೇಲೆ ಸಾಹಸಪಡುವವನನ್ನು ಲೋಕವು ಕ್ಷಮಿಸಬಹುದು, ಹೊಗಳಲೂ ಬಹುದು. ತಿಳಿಯದವರ ಜೀವವನ್ನು ಪಣಕ್ಕಿಡುವದಕ್ಕೆ ಸಾಹಸವೆಂಬ ಹೆಸರಿಲ್ಲ. ಹೊಗೆಯ ಮಾತೂ ಇಲ್ಲಿಗೇ ಸೇರಿದ್ದು. ಡೀಸೆಲ್ಲಿನ ಹೊಗೆಯು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಮಂಡಲವು ೨೦೧೨ರಲ್ಲಿ ನಿರ್ಣಯಿಸಿತು. ಎಣ್ಣೆಯ ಉಳಿತಾಯ ಒಬ್ಬನದು, ಉಸಿರು ಹಲವರದು.

ಇಂಥ ಕೆಲಸ ಮಾಡುವವರು ಬಿಚ್ಚಲ್ಪಡುವ ಗಾಡಿಗೆ ‘ದಾನಿ’ ಎಂದು ಹೆಸರಿಟ್ಟಿದ್ದಾರೆ. ಹೃದಯವನ್ನು ಕಸಿ ಮಾಡುವ ವೈದ್ಯರ ಮಾತನ್ನು ಎರವಲು ತಂದದ್ದಿದು. ೧೯೬೭ನೆಯ ಡಿಸೆಂಬರದಲ್ಲಿ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡನು ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಮತ್ತೊಬ್ಬ ಮನುಷ್ಯನಲ್ಲಿ ಇಟ್ಟಾಗ, ರಸ್ತೆಯ ಅಪಘಾತದಲ್ಲಿ ಗತಿಸಿದ ತರುಣಿಯ ತಂದೆಯು ಅದಕ್ಕೆ ಒಪ್ಪಿಗೆ ಕೊಟ್ಟಿದ್ದನು. ದಾನವೆಂದಮೇಲೆ ಕೊಡುವವರ ಮನಸ್ಸು ಬೇಕು. ಪುರಾಣದ ದಧೀಚಿಯು ವಜ್ರಾಯುಧಕ್ಕೆಂದು ತನ್ನ ಎಲುಬುಗಳನ್ನು ತಾನಾಗಿ ಕೊಟ್ಟನು, ಅದು ದಾನ. ಗಣಪತಿಗೆ ತಲೆಯನ್ನಿತ್ತ ಆನೆಯನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಭಾದ್ರಪದದಲ್ಲಿ ಮನೆಮನೆಗೂ ಆ ತಲೆಗೆ ಪೂಜೆಯುಂಟು. ಅದರ ಮುಂಡವು ಏನಾಯಿತೆಂದು ವಿಚಾರಿಸಿದ ಭಕ್ತನು ಸಿಗುವದು ಕಷ್ಟ. ಗಾಡಿಗೆ ಮನಸ್ಸಿಲ್ಲ, ನಿಜ. ಆದದ್ದರಿಂದ ಗಾಡಿಯನ್ನು ದಾನಿಯೆನ್ನುವದು ಬರಿಯ ಅಲಂಕಾರ. ಆದರೆ ಆ ಅಲಂಕಾರದ ಹಿಂದೆ ಮನಸ್ಸುಳ್ಳ ಒಬ್ಬರು ಅಡಗಿರುತ್ತಾರೆ. ದಲಾಲನು ನಡುವೆ ನಿಂತದ್ದರಿಂದ ರೈತನು ಅವರ ಮುಖವನ್ನು ಕಾಣಲಿಲ್ಲ. ಅಗ್ಗದ ಬೆಲೆಯಲ್ಲಿ ಅರ್ಧಪಾಲು ಈ ಕಾಣದಿರುವಿಕೆಯ ಬೆಲೆಯೇ ಆಗಿರುತ್ತದೆ.

ಎಂಜಿನ್ನು ಬದಲಾದ ಮೇಲೆ ಅದು ತಂದೆಯ ಜೀಪೇ ಹೌದೋ, ಎಂಬದು ರೈತನನ್ನು ಮತ್ತೊಂದು ಬಗೆಯಿಂದ ಕಾಡುವ ಪ್ರಶ್ನೆ. ಬೇತಾಳನು ವಿಕ್ರಮನಿಗೆ ಹೇಳಿದ ಕಥೆಗಳಲ್ಲಿ ಇಬ್ಬರ ರುಂಡಗಳು ಅದಲುಬದಲಾದದ್ದುಂಟು. ಗಂಡನ ತಲೆಯುಳ್ಳವನೇ ಗಂಡನೆಂದು ರಾಜನ ಉತ್ತರ, ಏಕೆಂದರೆ ಅಂಗಗಳಲ್ಲಿ ಶಿರಸ್ಸು ಪ್ರಧಾನ. ಗಿರೀಶ ಕಾರ್ನಾಡರು ೧೯೭೧ರ ‘ಹಯವದನ’ದಲ್ಲಿ ಈ ಉತ್ತರದ ನಂತರ ಏನಾಗುವದೆಂಬದನ್ನು ತೋರಿಸಿದರು: ದೇಹವು ಮೆಲ್ಲಮೆಲ್ಲನೆ ತಲೆಗೆ ತಕ್ಕಂತೆ ತಿರುಗುತ್ತದೆ. ಗಾಡಿಗೆ ತಲೆಯೆಲ್ಲಿ? ಓಡಿಸುವವನು ಎಂಜಿನ್ನೆನ್ನುವನು, ಕಾಯಿದೆಯು ಚಾಸಿಯನ್ನು ಮರೆಯಗೊಡದು. ಇಂಗ್ಲಂಡದ ಹಾಬ್ಸನು ೧೬೫೫ರಲ್ಲಿ ಗ್ರೀಕರ ಹಳೆಯ ಹಡಗಿನ ಒಗಟಿಗೆ ಒಂದು ಗಂಟನ್ನು ಹೆಚ್ಚಿಗೆ ಹಾಕಿದನು: ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ, ತೆಗೆದ ಹಳೆಯ ಹಲಗೆಗಳಿಂದಲೇ ಇನ್ನೊಂದು ಹಡಗನ್ನು ಕಟ್ಟಿದರೆ ನಿಜವಾದದ್ದು ಯಾವದು? ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಯವನರಾಜ ಮಿಲಿಂದನೊಡನೆ ನಡೆದ ಸಂವಾದದಲ್ಲಿ ನಾಗಸೇನ ಭಿಕ್ಷುವು ರಥದ ಉದಾಹರಣೆಯನ್ನೇ ಎತ್ತಿಕೊಂಡಿದ್ದನು. ಈಚು ರಥವೋ, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಒಂದೊಂದೂ ಅಲ್ಲ, ಎಲ್ಲದರ ಹೊರತಾದ ಬೇರೊಂದೂ ಅಲ್ಲ. ಅಂಗಗಳು ಕೂಡಿದಲ್ಲಿ ಜನರು ವ್ಯವಹಾರಕ್ಕಾಗಿ ಒಪ್ಪಿಕೊಂಡ ಹೆಸರೇ ರಥ.

ಇದನ್ನು ಕೇಳಿ, ಹೆಸರು ಬರಿಯ ಸಂಕೇತವಾದರೆ ನೋಂದಣಿ ಪತ್ರದ ಅಂಕೆಗಳೂ ಬರಿಯ ಶಾಯಿಯೆಂದು ತಿಳಿಯುವ ಚತುರರು ಇರಬಹುದು. ಅವರು ಭಿಕ್ಷುವಿನ ಮಾತನ್ನು ತಲೆಕೆಳಗಾಗಿ ಹಿಡಿದವರು. ಗಾಡಿಯ ಗುರುತು ಕಬ್ಬಿಣದಲ್ಲಿ ಇಲ್ಲದೆ ಜನರ ಒಪ್ಪಂದದಲ್ಲಿ ಮಾತ್ರ ಇದ್ದರೆ, ಆ ಒಪ್ಪಂದವನ್ನು ಗುಟ್ಟಾಗಿ ಮುರಿದವನು ಗಾಡಿಯನ್ನೇ ಮುರಿದಂತಾಯಿತು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಎಂಜಿನ್ನು ಬದಲಿಸುವವನು ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬೇಕೆಂದು ಕೇಳುತ್ತದೆ. ತಯಾರಕನು ಗೊತ್ತುಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ೨೦೧೯ನೆಯ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಗಿಯಾಗಿಯೇ ಹೇಳಿತು. ಬಡಿಗನು ಒಂದು ಚಕ್ಕಡಿಯ ಗಾಲಿಯನ್ನು ಇನ್ನೊಂದಕ್ಕೆ ಹಾಕುವಾಗ ಯಾವ ಕಚೇರಿಯನ್ನೂ ಕೇಳಿದವನಲ್ಲ; ಈ ಬಿಗಿಯು ಹಳ್ಳಿಯ ಕೈಗಳಿಗೆ ಅಪಮಾನವೆಂದು ಕಾಣುವದು ಸಹಜ, ಮತ್ತು ಆ ದೂರಿನಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಚಕ್ಕಡಿಯನ್ನು ಊರೆಲ್ಲ ಬಲ್ಲದು. ಗಂಟೆಗೆ ಅರವತ್ತು ಕಿಲೋಮೀಟರ ವೇಗದಿಂದ ಬರುವ ಜೀಪನ್ನು ಎದುರಿಗೆ ಬರುವವನು ಬಲ್ಲವನಲ್ಲ. ನುಗ್ಗಾದ ಗಾಡಿಯ ಅಂಕೆಯನ್ನು ಕದ್ದ ಗಾಡಿಗೆ ತೊಡಿಸಿ ಮಾರುವ ವ್ಯಾಪಾರವು ನಡೆಯುವದೂ, ಸತ್ತ ಗಾಡಿಯ ಹೆಸರು ಕಾಗದದಲ್ಲಿ ಇನ್ನೂ ಬದುಕಿರುವದರಿಂದಲೇ. ಅದೇ ಕಾಯಿದೆಯ ೫೫ನೆಯ ಕಲಮಿನಂತೆ, ನಾಶವಾದ ಅಥವಾ ಇನ್ನೆಂದೂ ಬಳಸಲಾಗದ ವಾಹನದ ಒಡೆಯನು ಹದಿನಾಲ್ಕು ದಿನಗಳಲ್ಲಿ ತಿಳಿಸಿ ನೋಂದಣಿ ಪತ್ರವನ್ನು ಹಿಂದಕ್ಕೆ ಕೊಡತಕ್ಕದ್ದು. ಮನುಷ್ಯನಿಗೆ ಮರಣದ ದಾಖಲೆ ಇರುವಂತೆ ಇದು.

ದೃಷ್ಟಾಂತದ ರೈತನು ವಿಜಯಪುರದ ಸಾರಿಗೆ ಕಚೇರಿಗೆ ಹೋದರೆ ಈ ಮರಣದ ದಾಖಲೆಯೇ ಅವನನ್ನು ತಡೆಯುವದು. ತನ್ನ ಜೀಪಿಗೆ ಒಪ್ಪಿಗೆ ಸಿಕ್ಕೀತೋ ಇಲ್ಲವೋ ಅದು ಬೇರೆ ಮಾತು. ಬಿಚ್ಚಿದ ಗಾಡಿಯ ಪತ್ರವು ಇನ್ನೂ ಮೊದಲಿನ ಒಡೆಯನ ಹೆಸರಿನಲ್ಲಿದೆ, ಅವರ ಕಡೆಯ ಸಹಿ ಬೇಕು. ದಲಾಲನಿಂದ ವಿಳಾಸ ಪಡೆದು ಅವನು ಸಿಂದಗಿಯ ಕಡೆಯ ಆ ಹಳ್ಳಿಗೆ ಹೋಗುತ್ತಾನೆ. ತಾಯಿಯು ಕೇಳಿದ ಪ್ರಶ್ನೆಗೆ ಉತ್ತರವು ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ತೂಗುತ್ತಿರುತ್ತದೆ. ಮನೆಯಾಕೆ ಕಾಗದಗಳನ್ನು ತಂದು, ಹೇಳಿದಲ್ಲಿ ಸಹಿ ಮಾಡುತ್ತಾಳೆ. ಬೆಲೆಯ ಮಾತೆತ್ತುವದಿಲ್ಲ, ದಲಾಲನು ಎಷ್ಟು ನುಂಗಿದನೆಂದೂ ಕೇಳುವದಿಲ್ಲ. ಬಾಗಿಲವರೆಗೆ ಬಂದು ಮಾತ್ರ, “ಮುಂದಿನ ಗಾಜಿನ ಕೆಳಗ ಒಂದು ಸಣ್ಣ ಫೋಟೋ ಅಂಟಿಸಿದ್ರು, ಯಪ್ಪಾ. ಅದು ಸಿಕ್ಕೀತೇನು?” ಎನ್ನುತ್ತಾಳೆ.

ಆ ಫೋಟೋ ನಾಗಸೇನನ ಎಣಿಕೆಯಲ್ಲಿಲ್ಲ, ನೋಂದಣಿ ಪತ್ರದಲ್ಲಿಲ್ಲ, ಗುಜರಿಯವನ ತೂಕದಲ್ಲಿಯೂ ಇಲ್ಲ. ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿದ ರೈತನಿಗೆ ಅದನ್ನು ಎಲ್ಲಿಟ್ಟನೆಂಬದರ ನೆನಪಿಲ್ಲ. ಮನೆಗೆ ಬಂದವನು ಕಂದೀಲು ಹಿಡಿದು ಹಿತ್ತಲಿಗೆ ಹೋಗುತ್ತಾನೆ. ಒಡೆದ ಗಾಜನ್ನು ತುಂಬಿಸಿಟ್ಟ ಚೀಲವನ್ನು ಬೇವಿನ ಮರದ ಕೆಳಗೆ ಸುರುವಿ, ಕೈಗೆ ಅರಿವೆ ಸುತ್ತಿಕೊಂಡು ಒಂದೊಂದೇ ಚೂರನ್ನು ಬದಿಗಿಡತೊಡಗುತ್ತಾನೆ. ತಾಯಿಯೂ ಬಂದು ಎದುರಿಗೆ ಕುಳ್ಳಿರುತ್ತಾಳೆ.