ಉಪಪಾತ್ರ ಮತ್ತು ಉಪೇಕ್ಷೆ

ದ್ವೇಷವು ದೋಷವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಉಪೇಕ್ಷೆಯನ್ನು ಅದೇ ಸಾಲಿನಲ್ಲಿ ಸೇರಿಸುವವರು ವಿರಳ. ಉಪೇಕ್ಷೆಯಲ್ಲಿ ಕ್ರಿಯೆಯೇ ಇಲ್ಲವೆಂಬುದು ಇದಕ್ಕೆ ಕಾರಣ. ಯಾರನ್ನೂ ಹೊಡೆದದ್ದಿಲ್ಲ, ನಿಂದಿಸಿದ್ದಿಲ್ಲ, ಯಾರದನ್ನೂ ಕಸಿದದ್ದಿಲ್ಲ. ಎದುರಿಗಿದ್ದವನನ್ನು ನೋಡಲಿಲ್ಲ, ಅಷ್ಟೆ. ರಾಗದ್ವೇಷಗಳನ್ನು ಮೀರಿದ ಸಮಚಿತ್ತವನ್ನೂ ಉಪೇಕ್ಷೆಯೆಂದು ಕರೆಯುವುದುಂಟು. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಅದನ್ನಲ್ಲ. ಇನ್ನೊಬ್ಬನ ಇರವನ್ನೇ ಗಣನೆಗೆ ತಾರದ ಅಲಕ್ಷ್ಯವನ್ನು. ಇಂಥ ಅಲಕ್ಷ್ಯಕ್ಕೆ ನೈತಿಕ ಹೊಣೆ ಉಂಟೇ? ಈ ಪ್ರಶ್ನೆಯನ್ನು ಗಂಭೀರ ಗ್ರಂಥಗಳು ಮಾತ್ರ ಕೇಳುತ್ತವೆಂದು ತಿಳಿಯಬೇಕಾಗಿಲ್ಲ. ಕೇವಲ ನಗಿಸಲೆಂದು ರಚಿತವಾದ ದೂರದರ್ಶನದ ಕಾರ್ಟೂನ್ ಧಾರಾವಾಹಿಯೊಂದು ಅದನ್ನು ಹಲವು ಬಗೆಯಲ್ಲಿ ಕೇಳಿದೆ.

ಮ್ಯಾಟ್ ಗ್ರೇನಿಂಗ್ ಎಂಬ ವ್ಯಂಗ್ಯಚಿತ್ರಕಾರರ ಕಲ್ಪನೆಯಿಂದ ಹುಟ್ಟಿದ ‘ದಿ ಸಿಂಪ್ಸನ್ಸ್’ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಧಾರಾವಾಹಿಯಾಗಿ ಆರಂಭವಾದದ್ದು 1989ರ ಡಿಸೆಂಬರ್ 17ರಂದು. ಸ್ಪ್ರಿಂಗ್‌ಫೀಲ್ಡ್ ಎಂಬ ಕಾಲ್ಪನಿಕ ಊರಿನ ಐದು ಜನರ ಸಂಸಾರ ಅದರ ಕೇಂದ್ರ. ಅಣುವಿದ್ಯುತ್ ಸ್ಥಾವರದಲ್ಲಿ ದುಡಿಯುವ ಸೋಮಾರಿ ತಂದೆ ಹೋಮರ್, ಸಹನಶೀಲೆ ತಾಯಿ ಮಾರ್ಜ್, ತುಂಟ ಮಗ ಬಾರ್ಟ್, ವಿಚಾರವಂತೆ ಮಗಳು ಲೀಸಾ, ಮಾತು ಬಾರದ ಶಿಶು ಮ್ಯಾಗಿ. ಇವರ ಸುತ್ತ ನೂರಾರು ಉಪಪಾತ್ರಗಳು. ಈ ಉಪಪಾತ್ರಗಳು ಬರುವುದು ಸಾಮಾನ್ಯವಾಗಿ ಒಂದು ನಗೆಮಾತಿಗಾಗಿ. ಅದು ಮುಗಿದೊಡನೆ ಅವರು ಮರೆಯಾಗುತ್ತಾರೆ.

ಅಂಥವರಲ್ಲಿ ಒಬ್ಬ ಲ್ಯಾರಿ. ಹೋಮರನು ಸಂಜೆ ಕಳೆಯುವ ಮೋ ಎಂಬಾತನ ಪಾನಗೃಹದಲ್ಲಿ ಮೊದಲ ಕಂತಿನಿಂದಲೇ ಕುಳಿತಿದ್ದವನು. ಮೂವತ್ತನಾಲ್ಕು ವರ್ಷಗಳಲ್ಲಿ ಅವನು ಆಡಿದ ಮಾತು ಅತ್ಯಲ್ಪ. ಚಿತ್ರದಲ್ಲಿ ಪೀಠೋಪಕರಣಕ್ಕಿರುವಷ್ಟೇ ಸ್ಥಾನ ಅವನಿಗಿತ್ತು. 2024ರ ಏಪ್ರಿಲ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ಲ್ಯಾರಿ ಕುಳಿತಲ್ಲೇ ಪ್ರಾಣ ಬಿಡುತ್ತಾನೆ. ಅಂತ್ಯಕ್ರಿಯೆಗೆ ಬಂದ ಹೋಮರ್, ಮೋ, ಲೆನ್ನಿ ಮತ್ತು ಕಾರ್ಲ್ ಅವನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿ ಬಂದಾಗ ತಬ್ಬಿಬ್ಬಾಗುತ್ತಾರೆ. ಪಕ್ಕದಲ್ಲೇ ಕುಳಿತಿದ್ದವನ ಕುರಿತು ಹೇಳಲು ಅವರಲ್ಲಿ ಏನೂ ಇಲ್ಲ. ಅವನ ಚಿತಾಭಸ್ಮವನ್ನು ವಿಸರ್ಜಿಸಲು ಅವರು ಕೈಗೊಳ್ಳುವ ಪ್ರಯಾಣ ಒಂದು ಬಗೆಯ ಪ್ರಾಯಶ್ಚಿತ್ತ. ಅವನ ಸಾವಿನಿಂದ ಅನೇಕ ಪ್ರೇಕ್ಷಕರು ನೊಂದುಕೊಂಡಾಗ, ನಿರ್ಮಾಪಕರಲ್ಲೊಬ್ಬರಾದ ಟಿಮ್ ಲಾಂಗ್, ತೀರ ಅಂಚಿನಲ್ಲಿರುವ ವ್ಯಕ್ತಿಗೂ ಘನತೆಯಿದೆಯೆಂದು ತೋರಿಸುವುದೇ ತಮ್ಮ ಉದ್ದೇಶವಾಗಿತ್ತೆಂದು ವಿವರಿಸಿದರು.

ಇದೇ ಧಾರಾವಾಹಿ 1997ರ ಮೇ ತಿಂಗಳಲ್ಲಿ ಇನ್ನೊಂದು ಅಂತ್ಯಕ್ರಿಯೆಯನ್ನು ತೋರಿಸಿತ್ತು. ಫ್ರ್ಯಾಂಕ್ ಗ್ರೈಮ್ಸ್ ಬಾಲ್ಯದಲ್ಲೇ ತಂದೆತಾಯಿಗಳಿಂದ ಪರಿತ್ಯಕ್ತನಾದವನು. ಕಷ್ಟಪಟ್ಟು ಅಂಚೆ ಶಿಕ್ಷಣದ ಮೂಲಕ ಅಣುವಿಜ್ಞಾನ ಕಲಿತು ಹೋಮರನ ಸ್ಥಾವರದಲ್ಲಿ ಕೆಲಸಕ್ಕೆ ಸೇರಿದವನು. ಅವನ ಏಕಕೋಣೆಯ ವಸತಿಯ ಮೇಲೂ ಬೌಲಿಂಗ್ ಆಟದ ಅಂಗಳ, ಕೆಳಗೂ ಬೌಲಿಂಗ್ ಆಟದ ಅಂಗಳ. ಏನೂ ಮಾಡದ ಹೋಮರನಿಗೆ ಮನೆ, ಸಂಸಾರ, ಊರಿನ ಪ್ರೀತಿ ಎಲ್ಲವೂ ದೊರೆತಿರುವುದನ್ನು ಕಂಡು ಅವನು ಕುದಿಯುತ್ತಾನೆ. ಹೋಮರನ ಅಯೋಗ್ಯತೆಯನ್ನು ಬಯಲಿಗೆಳೆಯುವ ಅವನ ಯತ್ನ ವಿಫಲವಾಗುತ್ತದೆ. ಕೊನೆಗೆ ಬುದ್ಧಿಭ್ರಮಣೆಯಾಗಿ, ಹೋಮರನನ್ನು ಅಣಕಿಸುತ್ತ, ವಿದ್ಯುತ್ ತಂತಿಯನ್ನು ಹಿಡಿದು ಸಾಯುತ್ತಾನೆ. ಶವಸಂಸ್ಕಾರದ ವೇಳೆ ತೂಕಡಿಸುತ್ತಿದ್ದ ಹೋಮರ್ ನಿದ್ದೆಗಣ್ಣಿನಲ್ಲಿ ಚಾನೆಲ್ ಬದಲಿಸೆಂದು ಹೆಂಡತಿಗೆ ಹೇಳುತ್ತಾನೆ. ನೆರೆದವರೆಲ್ಲ ನಗುತ್ತಿರುವಾಗ ಶವಪೆಟ್ಟಿಗೆ ಮಣ್ಣಿಗೆ ಇಳಿಯುತ್ತದೆ.

ಲ್ಯಾರಿ ತನ್ನ ಮೂಲೆಯನ್ನು ಒಪ್ಪಿಕೊಂಡವನು, ಗ್ರೈಮ್ಸ್ ಒಪ್ಪದವನು. ತಾನು ದುಡಿದದ್ದನ್ನು, ನೊಂದದ್ದನ್ನು ಯಾರಾದರೂ ಗಮನಿಸಲಿ ಎಂಬುದಷ್ಟೇ ಅವನ ಬೇಡಿಕೆ. ಆದರೆ ಕಥೆ ಹೋಮರನದು. ಆದ್ದರಿಂದ ನ್ಯಾಯವೂ ಹೋಮರನ ಕಡೆಗೆ ವಾಲುತ್ತದೆ. ಹಾಗೆಂದು ಗ್ರೈಮ್ಸ್ ನಿರ್ದೋಷಿಯೆನ್ನಲಾಗದು. ಅವನ ಸ್ನೇಹ ಗಳಿಸಲು ಹೋಮರ್ ಅವನನ್ನು ಊಟಕ್ಕೆ ಕರೆದದ್ದುಂಟು. ಆ ಮನೆಯಲ್ಲಿ ಗ್ರೈಮ್ಸ್ ಕಂಡದ್ದು ತನಗೆ ದೊರೆಯದ ಭಾಗ್ಯವನ್ನೇ ಹೊರತು ಕರೆದವನ ಆಸೆಯನ್ನಲ್ಲ. ಉಪೇಕ್ಷೆಗೆ ಗುರಿಯಾದವನೂ ಇನ್ನೊಬ್ಬನನ್ನು ಉಪೇಕ್ಷಿಸಬಲ್ಲನೆಂಬ ಕಹಿ ಸತ್ಯ ಇಲ್ಲಿ ಅಡಗಿದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಮನುಷ್ಯನ ಗಮನಕ್ಕೆ ಮಿತಿಯುಂಟು. ದಿನವೊಂದರಲ್ಲಿ ಕಾಣುವ ನೂರು ಮುಖಗಳ ಸುಖದುಃಖಗಳನ್ನೆಲ್ಲ ವಿಚಾರಿಸಹೊರಟರೆ ಬದುಕು ಸಾಗದು. ಎಲ್ಲರನ್ನೂ ನಾಯಕರನ್ನಾಗಿಸಿದರೆ ಕಥೆಯೂ ಸಾಗದು. ಹಾಗಿರುವಾಗ ಉಪೇಕ್ಷೆಯನ್ನು ದೋಷವೆನ್ನುವುದು ಅತಿಯಾಗದೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಒಬ್ಬನನ್ನು ಅರಿಯಲು ಬಿಡುವಿಲ್ಲದಿರುವುದು ಬೇರೆ, ಅವನಲ್ಲಿ ಅರಿಯತಕ್ಕದ್ದು ಏನೂ ಇಲ್ಲವೆಂದು ಭಾವಿಸುವುದು ಬೇರೆ. ಮೊದಲನೆಯದು ಮಿತಿ, ಎರಡನೆಯದು ದೋಷ. 1996ರ ಏಪ್ರಿಲ್‌ನಲ್ಲಿ ಈ ಧಾರಾವಾಹಿಯ ಲೇಖಕರು ಒಂದಿಡೀ ಕಂತನ್ನು ಊರಿನ ಉಪಪಾತ್ರಗಳ ಕಿರುಕಥೆಗಳಿಗೆ ಹಂಚಿಕೊಟ್ಟರು. ಒಬ್ಬೊಬ್ಬರಿಗೆ ದೊರೆತದ್ದು ಕೆಲವೇ ಕ್ಷಣಗಳು. ಆ ಕ್ಷಣಗಳಲ್ಲಿಯೇ ಪೊಲೀಸ್ ಅಧಿಕಾರಿಗೂ ಶಾಲೆಯ ಮುಖ್ಯೋಪಾಧ್ಯಾಯನಿಗೂ ಅಂಗಡಿಯವನಿಗೂ ತಮ್ಮದೇ ಆದ ಒಂದು ದಿನವಿದೆ ಎಂಬುದು ಸ್ಪಷ್ಟವಾಯಿತು. ಗಮನ ಎಲ್ಲರಿಗೂ ಸಮನಾಗಿರಬೇಕಿಲ್ಲ. ದೊರೆತಷ್ಟು ಪ್ರಾಮಾಣಿಕವಾಗಿದ್ದರೆ ಸಾಕು.

ಆ ಅಂಗಡಿಯವನೇ ಅಪು, ಭಾರತದಿಂದ ವಲಸೆ ಹೋದವನು. 1995ರ ಅಕ್ಟೋಬರ್‌ನಲ್ಲಿ ಬಂದ ಕಂತಿನಲ್ಲಿ ಲೀಸಾ ಮಾಂಸಾಹಾರವನ್ನು ತ್ಯಜಿಸುತ್ತಾಳೆ. ಹೊಸ ವ್ರತದ ಆವೇಶದಲ್ಲಿ ತಂದೆಯ ಔತಣವನ್ನು ಕೆಡಿಸಿ, ಎಲ್ಲರನ್ನೂ ತೆಗಳುತ್ತಾಳೆ. ಅವಳನ್ನು ತಿದ್ದುವವನು ಅಪು. ಹಾಲಿನ ಪದಾರ್ಥಗಳನ್ನೂ ಮುಟ್ಟದ ತನ್ನ ಕಣ್ಣಿಗೆ ಚೀಸ್ ತಿನ್ನುವ ಲೀಸಾಳೂ ತಪ್ಪಿತಸ್ಥಳೇ. ಆದರೂ ನಂಬಿಕೆಯನ್ನು ಪರರ ಮೇಲೆ ಹೇರುವುದಕ್ಕಿಂತ ಅವರನ್ನು ಸಹಿಸಿಕೊಳ್ಳುವುದನ್ನು ತಾನು ಎಂದೋ ಕಲಿತೆನೆಂದು ಅವನು ತಿಳಿಸುತ್ತಾನೆ. ಆ ಕಂತಿನಲ್ಲಿ ಧ್ವನಿ ನೀಡಿದ ಗಾಯಕ ಪಾಲ್ ಮೆಕಾರ್ಟ್ನಿ ಲೀಸಾ ಮುಂದೆಯೂ ಸಸ್ಯಾಹಾರಿಯಾಗಿಯೇ ಉಳಿಯಬೇಕೆಂಬ ಷರತ್ತು ಹಾಕಿದ್ದರು, ಅದು ಪಾಲನೆಯಾಯಿತು. ವ್ರತದ ಜೊತೆಗೆ ವಿನಯವೂ ಬೇಕೆಂಬ ಪಾಠ ಆ ಮನೆಯ ಮಗಳಿಗೆ ಬಂದದ್ದು ಊರು ನಗೆಗೆ ಬಳಸಿಕೊಳ್ಳುತ್ತಿದ್ದ ಅಂಗಡಿಯವನಿಂದ.

ಆದರೆ ಅಪುವಿನ ಕಥೆಗೆ ಇನ್ನೊಂದು ಮುಖವೂ ಇದೆ. ಅವನಿಗೆ ಭಾರತೀಯ ಉಚ್ಚಾರವನ್ನು ಅನುಕರಿಸಿ ಧ್ವನಿ ಕೊಡುತ್ತಿದ್ದವರು ಹ್ಯಾಂಕ್ ಅಜೇರಿಯಾ ಎಂಬ ಅಮೆರಿಕನ್ ನಟ. ಆ ಧ್ವನಿಯೇ ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಮಕ್ಕಳನ್ನು ಹೀಯಾಳಿಸುವ ಸಾಧನವಾಯಿತೆಂಬುದನ್ನು ಹಾಸ್ಯಗಾರ ಹರಿ ಕೊಂಡಬೋಲು ಅವರ 2017ರ ಸಾಕ್ಷ್ಯಚಿತ್ರ ಮುಂದಿಟ್ಟಿತು. 2020ರಲ್ಲಿ ಅಜೇರಿಯಾ ಆ ಪಾತ್ರವನ್ನು ಬಿಟ್ಟುಕೊಟ್ಟರು. ಒಂದು ಜನಸಮುದಾಯಕ್ಕೆ ಕಥೆಯಲ್ಲಿ ಒಂದೇ ಉಪಪಾತ್ರ ದೊರೆತಾಗ, ಆ ಒಬ್ಬನ ಬೆನ್ನ ಮೇಲೆ ಎಲ್ಲರ ಭಾರ ಬೀಳುತ್ತದೆ. ಅಂಚಿನಲ್ಲಿರುವವನನ್ನು ನೋಡಿದರೆ ಸಾಲದು. ಹೇಗೆ ನೋಡಲಾಯಿತು ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಪ್ರತಿಯೊಬ್ಬನೂ ತನ್ನ ಕಥೆಯಲ್ಲಿ ನಾಯಕ, ಪರರ ಕಥೆಯಲ್ಲಿ ಉಪಪಾತ್ರ. ಮೊದಲನೆಯದು ಯಾರೂ ಕಲಿಸದೆ ತಿಳಿಯುವಂಥದು. ಎರಡನೆಯದನ್ನು ಅಭ್ಯಾಸದಿಂದ ಕಲಿಯಬೇಕು. ಕಾರ್ಟೂನಿನ ಮೂಲೆಯಲ್ಲಿ ಕುಳಿತವನ ಕಡೆಗೆ ಕಣ್ಣು ಹಾಯಿಸಿ, ಇವನ ಮನೆ ಎಲ್ಲಿ, ಇವನಿಗಾಗಿ ಕಾಯುವವರು ಯಾರು ಎಂದು ಯೋಚಿಸುವ ಪ್ರೇಕ್ಷಕ ಆ ಅಭ್ಯಾಸವನ್ನು ತನಗರಿವಿಲ್ಲದೆಯೇ ಮಾಡುತ್ತಿರುತ್ತಾನೆ. ಆದರೆ ಅದು ಪರದೆಯ ಮುಂದೆಯೇ ನಿಂತುಹೋದರೆ ಪ್ರಯೋಜನವಿಲ್ಲ. ಕಚೇರಿಯ ಬಾಗಿಲಲ್ಲಿ ನಿಲ್ಲುವವನು, ಬೆಳಗಿನ ಹಾಲು ತರುವವನು, ಸಭೆ ಮುಗಿದ ಮೇಲೆ ಜಮಖಾನೆ ಸುತ್ತುವವನು ಇವರ ಹೆಸರು ಕೇಳಲು ಒಂದು ನಿಮಿಷವೂ ಹಿಡಿಯದು. ಹೋಮರ್ ಮತ್ತು ಅವನ ಗೆಳೆಯರಿಗೆ ಮೂವತ್ತನಾಲ್ಕು ವರ್ಷಗಳ ಅವಕಾಶವಿತ್ತು. ಲ್ಯಾರಿಯನ್ನು ವಿಚಾರಿಸಬೇಕೆಂದು ಅವರಿಗೆ ತೋರಿದಾಗ ಉತ್ತರ ಹೇಳಲು ಅವನಿರಲಿಲ್ಲ.