ಸೆರೆಮನೆಯ ಬಾಗಿಲು ತೆರೆಯುವ ದಿನ



ಕುಡಿದು ಹೊಡೆದಾಡಿ ಜೈಲು ಸೇರಿದವನ ಬಗ್ಗೆ ಊರಿನವರು ಹೇಳುವ ಮಾತು ಒಂದೇ: "ಒಳಗೆ ಹೋದನಲ್ಲ, ಇನ್ನು ಬುದ್ಧಿ ಬರುತ್ತದೆ ಬಿಡಿ." ಅವನ ಹೆಂಡತಿಯೂ ಅಂದು ನಿಟ್ಟುಸಿರು ಬಿಡುತ್ತಾಳೆ. ಎಷ್ಟೋ ವರ್ಷಗಳ ನಂತರ ಪೆಟ್ಟು ತಿನ್ನದೆ ಮಲಗುವ ರಾತ್ರಿಯದು. ಆಕೆಯನ್ನು ಯಾರೂ ದೂರಬಾರದು. ಆದರೆ ಬೀಗ ಹಾಕಿದ ಮಾತ್ರಕ್ಕೆ ಕುಡಿತದ ರೋಗ ವಾಸಿಯಾಗುವುದಿಲ್ಲ.

ಮೊದಲ ಮೂರು ದಿನಗಳನ್ನೇ ನೋಡಿ. ದಿನವೂ ವಿಪರೀತ ಕುಡಿಯುತ್ತಿದ್ದವನಿಗೆ ಮದ್ಯ ಒಮ್ಮೆಲೇ ನಿಂತರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗುತ್ತವೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಎರಡು ಮೂರನೆಯ ದಿನ ಇಲ್ಲದ್ದನ್ನು ಕಂಡು, ಕೇಳಿ, ದಿಕ್ಕುಗೆಟ್ಟು ಕೂಗಾಡುತ್ತಾರೆ. ಇದು ನಾಟಕವಲ್ಲ, ದೆವ್ವದ ಕಾಟವೂ ಅಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ವೈದ್ಯರ ಬಳಿ ಇದಕ್ಕೆ ಔಷಧಿಯಿದೆ, ಬಿ-1 ಜೀವಸತ್ವದ ಇಂಜೆಕ್ಷನ್ ಇದೆ. ಆದ್ದರಿಂದ ಮನೆಯವರು ನಾಚಿಕೆ ಬದಿಗಿಟ್ಟು ಠಾಣೆಯಲ್ಲಿಯೂ ಕಾರಾಗೃಹದ ವೈದ್ಯರಲ್ಲಿಯೂ ಮೊದಲ ದಿನವೇ ತಿಳಿಸಬೇಕು: ಎಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ. ಮಾನಕ್ಕೆ ಹೆದರಿ ಇದನ್ನು ಬಚ್ಚಿಡಬೇಡಿ.

ನಡುಕ ನಿಂತ ಮೇಲೆ ತಲೆ ತಿಳಿಯಾಗುತ್ತದೆ. ಕಾರಾಗೃಹ ಸೇವೆಯಲ್ಲಿರುವ ಗುರುಗಳು, ಕನ್ಯಾಸ್ತ್ರೀಯರು ಅವನೊಡನೆ ಕುಳಿತು ಮಾತನಾಡಬಹುದಾದ ಕಾಲ ಇದು. ಉಪದೇಶ ಬೇಡ. ಅದನ್ನು ಅವನು ಸಾಕಷ್ಟು ಕೇಳಿದ್ದಾನೆ, ನಮ್ಮಂಥವರಿಂದಲೇ. "ಯಾವ ದಿನ ಹೆಚ್ಚು ಕುಡಿಯುತ್ತಿದ್ದೆ? ಕೂಲಿ ಸಿಕ್ಕ ದಿನವೋ? ಸಂಗಡ ಯಾರಿರುತ್ತಿದ್ದರು?" ಎಂದು ಕೇಳಿದರೆ ಸಾಕು, ಬಿಡುವ ದಾರಿಯನ್ನು ಅವನೇ ಹುಡುಕತೊಡಗುತ್ತಾನೆ.

ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ (1856-1925) ಎಳೆಯ ವಯಸ್ಸಿನಲ್ಲೇ ಕುಡಿತಕ್ಕೆ ದಾಸನಾಗಿದ್ದವರು. 1884ರಲ್ಲಿ ಅವರು ಪ್ರತಿಜ್ಞೆ ಮಾಡಿದ್ದು ಜೀವಮಾನಕ್ಕಲ್ಲ, ಮೂರೇ ತಿಂಗಳಿಗೆ! ಅದು ಮುಗಿದಾಗ ಮತ್ತೆ ಮುಂದುವರಿಸಿದರು, ಕೊನೆಗೆ ಜೀವಮಾನಕ್ಕೆ. ದಿನವೂ ಕೆಲಸಕ್ಕೆ ಮೊದಲು ಬಲಿಪೂಜೆಗೆ ಹೋಗುತ್ತಿದ್ದರು, ಜೇಬಿನಲ್ಲಿ ಹಣವಿಟ್ಟುಕೊಳ್ಳುತ್ತಿರಲಿಲ್ಲ. ಧರ್ಮಸಭೆ 1975ರಲ್ಲಿ ಅವರನ್ನು ಪೂಜ್ಯರೆಂದು ಘೋಷಿಸಿತು. ಸೆರೆಯಲ್ಲಿರುವವನಿಂದಲೂ ಸಾಯುವವರೆಗಿನ ಆಣೆ ಕೇಳದೆ ಮೂರು ತಿಂಗಳು ಕೇಳೋಣ.

ಆಮೇಲೆ ಬಿಡುಗಡೆಯ ದಿನ. ಕೈಯಲ್ಲೊಂದು ಚೀಲ, ಜೇಬಿನಲ್ಲಿ ಒಳಗೆ ದುಡಿದ ಕೂಲಿ. ಗೇಟಿನ ಹೊರಗೆ ಕಾದಿರುವವರು ಯಾರು? ಹಳೆಯ ಗೆಳೆಯರಿಗೆ ದಿನಾಂಕ ಮರೆಯುವುದಿಲ್ಲ. ಮರೆಯುವವರು ಧರ್ಮಕೇಂದ್ರದ ನಾವು. ತಿಂಗಳುಗಟ್ಟಲೆ ಬಿಟ್ಟಿದ್ದ ದೇಹವಾದರೋ ಹಳೆಯ ಅಳತೆಯನ್ನು ತಾಳಲಾರದು. ಸಂತ ಲೂಕರ ಶುಭಸಂದೇಶದ ತಂದೆ ಮಗ ಹೊಸ್ತಿಲು ಮೆಟ್ಟುವವರೆಗೆ ಕಾಯಲಿಲ್ಲ, ಎದುರಿಗೆ ಓಡಿದ. ಆದರೆ ನಾವು ಅವನನ್ನು ಕರೆಯುವ ಮದುವೆ, ನಾಮಕರಣಗಳ ಚಪ್ಪರದ ಹಿಂದೆ ಬಾಟಲಿಗಳ ಸಾಲಿದ್ದರೆ?

ಹೆಂಡತಿಗೂ ಒಂದು ಮಾತು. ಕ್ಷಮಿಸುವುದೆಂದರೆ ಮತ್ತೆ ಹೊಡೆಸಿಕೊಳ್ಳುವುದಲ್ಲ. ಭಯವಿದ್ದರೆ ಅವನು ಕೆಲವು ತಿಂಗಳು ಬೇರೆಡೆ ಇರಲಿ. ಆ ಜಾಗ ಹುಡುಕುವುದು ನಮ್ಮ ಕೆಲಸ.

ವಿನ್ಸೆಂಟ್ ದೆ ಪೌಲ್ ಸಭೆಯ ಸಹೋದರರೇ, ನಿಮ್ಮ ಧರ್ಮಕೇಂದ್ರದಿಂದ ಯಾರು ಒಳಗಿದ್ದಾರೆ, ಯಾವ ದಿನ ಹೊರಬರುತ್ತಾರೆ ಎಂದು ಈ ವಾರವೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಅಂದು ಬೆಳಿಗ್ಗೆ ಇಬ್ಬರು ಗೇಟಿನ ಬಳಿ ಇರಲಿ. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446; ಆ ಚೀಟಿಯ ಜೊತೆಗೆ ಊಟದ ಬುತ್ತಿಯನ್ನೂ ಒಯ್ಯಿರಿ.