ಗೃಹಪ್ರವೇಶದ ಮರುದಿನ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಸಮಾಜದಲ್ಲಿ ಗೃಹಪ್ರವೇಶದ ಆಮಂತ್ರಣ ಬಾರದ ತಿಂಗಳು ಅಪರೂಪ. ವರ್ಷಗಟ್ಟಲೆ ಬಾಡಿಗೆಯ ಮನೆಯಲ್ಲಿ ಕಾಲ ಕಳೆದು, ಬ್ಯಾಂಕಿನ ಸಾಲದ ಕಂತುಗಳಿಗೆ ಕೈಕಟ್ಟಿಕೊಂಡು, ಎರಡು ಕೋಣೆಗಳ ಸ್ವಂತ ಮನೆಯನ್ನು ಪಡೆದವರ ಸಂತೋಷವು ಸಹಜವಾದುದು. ಗಣಪತಿಪೂಜೆ, ವಾಸ್ತುಹೋಮ, ಹಾಲುಕ್ಕಿಸುವುದು, ಭೋಜನ, ಎಲ್ಲವೂ ವಿಧ್ಯುಕ್ತವಾಗಿ ನೆರವೇರುತ್ತವೆ. ಆದರೆ ಮರುದಿನದ ಸಂಗತಿಯೇನು? ಬಂದ ಬಂಧುಗಳು ಊರಿಗೆ ಹಿಂದಿರುಗುತ್ತಾರೆ, ಮಾವಿನ ತೋರಣ ಬಾಡುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಎದುರುಮನೆಯವರ ಹೆಸರನ್ನು ಅವರ ಬಾಗಿಲ ಫಲಕದಲ್ಲಿ ಓದಿರುತ್ತೇವೆಯೇ ಹೊರತು ಅವರ ಮುಖಪರಿಚಯವಿರುವುದಿಲ್ಲ. ಈ ಮರುದಿನವನ್ನು ಕುರಿತೇ ನಾವು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ವಾಸ್ತುಪೂಜೆಯ ತಾತ್ಪರ್ಯವನ್ನು ಸ್ವಲ್ಪ ಆಲೋಚಿಸೋಣ. ನಾವು ಹೊಕ್ಕ ಸ್ಥಳವು ನಮಗಿಂತ ಮೊದಲೇ ಅಲ್ಲಿರುವವರದು. ಆ ವಾಸ್ತುದೇವತೆಗಳನ್ನು ಆವಾಹಿಸಿ, ಪೂಜಿಸಿ, ಅವರವರ ಭಾಗವನ್ನು ಅವರವರಿಗೆ ಸಲ್ಲಿಸಿ, ಅನಂತರವೇ ಸುಖವಾಸವನ್ನು ಬೇಡುತ್ತೇವೆ. ಕಣ್ಣಿಗೆ ಕಾಣದವರಲ್ಲಿಯೇ ಇಷ್ಟು ಮರ್ಯಾದೆಯನ್ನು ವಿಧಿಸಿದ ಶಾಸ್ತ್ರವು, ಕಣ್ಣೆದುರಿಗಿರುವ ನೆರೆಯವರನ್ನು ಕಡೆಗಣಿಸಬಹುದೆಂದು ಹೇಳೀತೇ?

ನಾವು ನೆಲೆಸಿರುವ ಈ ಭೂಮಿಯ ವೃತ್ತಾಂತವೂ ಇದನ್ನೇ ಹೇಳುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಬಂದಿತು. ಮರುವರ್ಷ ಹಳಿಯು ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ಈ ಹಳಿಗಳ ಇಕ್ಕೆಲಗಳಲ್ಲಿ ವಲಸೆ ಬಂದವರೇ ಊರುಗಳನ್ನು ಬೆಳೆಸಿದ್ದಾರೆ. 1947ರ ವಿಭಜನೆಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಸಿಂಧಿ ಕುಟುಂಬಗಳು ಕಲ್ಯಾಣದ ಬಳಿಯ ಸೈನಿಕ ಶಿಬಿರದಲ್ಲಿ ಆಶ್ರಯ ಪಡೆದರು. ಅದೇ 1949ರಲ್ಲಿ ಉಲ್ಲಾಸನಗರವಾಯಿತು. 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪಿತವಾಗಿ, 95 ಹಳ್ಳಿಗಳ ಭೂಮಿಯಲ್ಲಿ ನವಿ ಮುಂಬಯಿ ಎದ್ದಿತು. ಅಲ್ಲಿ ಭತ್ತದ ಗದ್ದೆ, ಉಪ್ಪಿನ ಗದ್ದೆ, ಮೀನುಗಾರಿಕೆಗಳನ್ನು ನಂಬಿದ್ದ ಆಗರಿ, ಕೋಳಿ ಜನರು ಪರಿಹಾರಕ್ಕಾಗಿ ಹೋರಾಡಿದರು. 1984ರ ಜನವರಿಯಲ್ಲಿ ಉರಣ ಪ್ರದೇಶದ ಆ ಹೋರಾಟದಲ್ಲಿ ಪೋಲೀಸರ ಗುಂಡಿಗೆ ಐವರು ಬಲಿಯಾದರು. ಎತ್ತರದ ಕಟ್ಟಡಗಳ ನಡುವೆ ಅವರ ಗಾವಠಾಣಗಳು ಇಂದಿಗೂ ಇವೆ. ನಾವು ಹಣ ತೆತ್ತು ಮನೆಯನ್ನು ಕೊಂಡಿರುವುದು ನಿಜ. ಆದರೆ ಯಾರದೋ ಗದ್ದೆಯ ಮೇಲೆ ನಮ್ಮ ದೇವರಕೋಣೆ ನಿಂತಿದೆಯೆಂಬ ಅರಿವು ಇದ್ದರೆ, ಮೀನು ಮಾರುವ ತಾಯಿಯನ್ನೂ ನಾವು ಗೌರವದಿಂದಲೇ ಕಾಣುವೆವು.

‘ನಮ್ಮ ಮಡಿ, ಆಚಾರಗಳು ಬೇರೆ, ಬೆರೆಯುವುದು ಹೇಗೆ?’ ಎಂದು ಕೆಲವರು, ವಿಶೇಷವಾಗಿ ಮನೆಯ ಹಿರಿಯ ಮಾತೆಯರು, ಕೇಳುವುದುಂಟು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಆಚಾರವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಭೇದವು ಸತ್ಯ. ಜೀವಜೀವರಿಗೆ ಭೇದವುಂಟು, ಸ್ವಭಾವಗಳಲ್ಲಿ ತಾರತಮ್ಯವುಂಟು. ಆದರೆ ಎಲ್ಲರ ಒಳಗಿದ್ದು ನಡೆಸುವ ಅಂತರ್ಯಾಮಿಯು ಒಬ್ಬನೇ. ಭೇದವಿದೆಯೆಂದರೆ ದ್ವೇಷವಿರಬೇಕೆಂದಾಗಲಿ, ಉದಾಸೀನವಿರಬೇಕೆಂದಾಗಲಿ ಅರ್ಥವಲ್ಲ. ನಾನಾ ಜನರ ಸೇವೆಯನ್ನು ಭಗವಂತನಿಗೆ ಸಲ್ಲಿಸಬೇಕಾದ ಕರವೆಂದು ತಿಳಿದು ಮಾಡಬೇಕೆಂಬುದು ಆಚಾರ್ಯರ ಉಪದೇಶದ ತಾತ್ಪರ್ಯ. ಸೊಸೈಟಿಯ ಮಾಸಿಕ ಶುಲ್ಕವನ್ನು ತಪ್ಪದೆ ಕಟ್ಟುವ ನಾವು, ಜಗದೊಡೆಯನ ಈ ಕರವನ್ನು ಬಾಕಿ ಉಳಿಸಿಕೊಳ್ಳಬಹುದೇ?

ಏಕಾದಶಿಯಂದು ಪಕ್ಕದ ಮರಾಠಿ ಮನೆಯ ವಹಿನಿಯವರು ಪ್ರೀತಿಯಿಂದ ಸಾಬುದಾಣೆಯ ಖಿಚಡಿಯನ್ನು ತರುತ್ತಾರೆಂದಿಟ್ಟುಕೊಳ್ಳಿ. ಅವರಿಗೆ ಅದು ಉಪವಾಸದ ಆಹಾರ. ನಮಗೆ ಅಂದು ನಿರಾಹಾರ. ಬಾಗಿಲಲ್ಲೇ ‘ಬೇಡ’ ಎಂದರೆ ಅವರ ಮನಸ್ಸು ನೊಂದೀತು. ಅವರನ್ನು ಒಳಗೆ ಕರೆದು ಕುಳ್ಳಿರಿಸಿ, ನಮ್ಮ ವ್ರತವನ್ನು ತಿಳಿಸಿ, ಕುಂಕುಮವನ್ನಿತ್ತು, ದ್ವಾದಶಿಯ ಪಾರಣೆಯ ಅನಂತರ ಪಾಯಸವನ್ನು ಕಳುಹಿಸಿದರೆ ವ್ರತವೂ ಉಳಿಯಿತು, ಸ್ನೇಹವೂ ಬೆಳೆಯಿತು. ಅವರು ವಾರಕರಿಗಳಾಗಿದ್ದರಂತೂ ಮಾತಿಗೆ ವಿಷಯವನ್ನು ಹುಡುಕಬೇಕಾಗಿಲ್ಲ. ಅವರ ಪಂಢರಪುರದ ವಿಠ್ಠಲನೇ ನಮ್ಮ ದಾಸರ ಅಂಕಿತಗಳಲ್ಲಿ ನೆಲೆಸಿದ್ದಾನೆ. ಸಂಕ್ರಾಂತಿಯಲ್ಲಿ ಅವರು ಕೊಡುವ ತಿಳಗೂಳವೂ ನಾವು ಬೀರುವ ಎಳ್ಳುಬೆಲ್ಲವೂ ಬೇರೆಯೇನಲ್ಲ.

ಭಾಷೆಯೂ ಅಡ್ಡಿಯಾಗಬಾರದು. ಗಂಗೆಯನ್ನು ದಾಟಿದಾಗ ಆಚಾರ್ಯರು ತಮ್ಮನ್ನು ತಡೆದ ತುರುಷ್ಕ ಅರಸನೊಡನೆ ಅವನ ಭಾಷೆಯಲ್ಲಿಯೇ ಮಾತನಾಡಿ, ಅವನ ಗೌರವಕ್ಕೆ ಪಾತ್ರರಾದ ಪ್ರಸಂಗವು ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿದೆ. ಮನೆಯಲ್ಲಿ ಕನ್ನಡವೋ ತುಳುವೋ ಇರಲಿ, ಮಕ್ಕಳಿಗೆ ಅದನ್ನು ಕಲಿಸೋಣ; ಮೆಟ್ಟಿಲಿನಲ್ಲಿ ಎದುರಾದವರೊಡನೆ ಮಾತ್ರ ಮರಾಠಿಯಲ್ಲಿ ನಾಲ್ಕು ಮಾತನಾಡೋಣ.

ಮುಂಜಾನೆಯ ಲೋಕಲ್ ಹಿಡಿದು ಹೋದ ಮಗ, ಸೊಸೆ ರಾತ್ರಿ ಮರಳುವವರೆಗೆ ನಮ್ಮ ಎಷ್ಟೋ ಮನೆಗಳಲ್ಲಿ ವೃದ್ಧರು ಒಂಟಿಯಾಗಿರುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು, ಹಳಿಗಳು ಮುಳುಗಿ, ಲೋಕಲ್‌ಗಳು ನಿಂತವು. ಸಹಸ್ರಾರು ಜನರು ಆ ರಾತ್ರಿ ಮನೆಯನ್ನು ಸೇರಲಾಗಲಿಲ್ಲ. ಅಂತಹ ರಾತ್ರಿಯಲ್ಲಿ ಮನೆಯಲ್ಲುಳಿದ ತಾಯಿಗೆ ದೀಪ ಹಚ್ಚಿಕೊಡುವವರು, ಮಕ್ಕಳಿಗೆ ಉಣಿಸುವವರು ಯಾರು? ಊರಿನಲ್ಲಿರುವ ಅಣ್ಣತಮ್ಮಂದಿರಲ್ಲ, ನಡುವೆ ಒಂದು ಗೋಡೆ ಮಾತ್ರವಿರುವ ನೆರೆಯವರು. ನಮ್ಮ ಬಾಗಿಲೂ ಅವರಿಗೆ ಹಾಗೆಯೇ ತೆರೆದಿರಬೇಕು. ರೈಲ್ವೆ ಸೇವೆಯಲ್ಲಿ ಅನೇಕ ವರ್ಗಾವಣೆಗಳನ್ನು ಕಂಡ ನಾವು ಇದನ್ನು ಗ್ರಂಥದಿಂದ ಮಾತ್ರವೇ ಕಲಿತದ್ದಲ್ಲ.

ಆದುದರಿಂದ ಹೊಸ ಮನೆಗೆ ಬಂದವರು ಮರುದಿನವೇ, ದೇವರಿಗೆ ನಿವೇದಿಸಿದ ಪ್ರಸಾದವನ್ನು ತಟ್ಟೆಯಲ್ಲಿಟ್ಟುಕೊಂಡು, ದಂಪತಿಗಳು ಜೊತೆಯಾಗಿ ಆ ಅಂತಸ್ತಿನ ಎಲ್ಲ ಮನೆಗಳಿಗೂ ಹೋಗಿಬರಲಿ. ಮೊದಲೇ ಇರುವವರು ಹೊಸಬರ ಬಾಗಿಲನ್ನು ತಾವಾಗಿಯೇ ತಟ್ಟಲಿ. ನೀರು ಬರುವ ಹೊತ್ತು, ಸಮೀಪದ ವೈದ್ಯರ ವಿಳಾಸ, ಹಾಲಿನವನ ಪರಿಚಯ ಇಷ್ಟನ್ನು ತಿಳಿಸಿದರೂ ಅದು ಮನುಷ್ಯಯಜ್ಞದ ಒಂದು ಅಂಗವೇ ಸರಿ. ಆ ಬಾಗಿಲುಗಳನ್ನು ತಟ್ಟುವವರೆಗೆ ಗೃಹಪ್ರವೇಶವು ಪೂರ್ಣವಾಯಿತೆಂದು ಭಾವಿಸಬಾರದು.

॥ ಶ್ರೀಕೃಷ್ಣಾರ್ಪಣಮಸ್ತು ॥